ಮಲೇಷ್ಯಾ ಪತ್ರ 11: ಸಬ್ಸಿಡಿ ಕೈಬಿಟ್ಟಾಗ ಜನ ಏನು ಮಾಡಿದರು?

ಹೋದ ಪತ್ರ ಓದಿದ ಮೇಲೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಸಣ್ಣ ಮಾವ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಪೆಟ್ರೋಲ್ ನಮ್ಮ ಅರ್ಧ ರೇಟಿಗೆ ಸಿಗ್ತದಂತೆ, ಹೌದಾ?"

ಹೌದು ಮಾವ, ಆದರೆ ಎಲ್ಲರಿಗೂ ಅಲ್ಲ. 2025ರ ಸೆಪ್ಟೆಂಬರ್ 30ರಿಂದ ಇಲ್ಲಿನ ಪ್ರಜೆ ತನ್ನ ಗುರುತಿನ ಚೀಟಿಯನ್ನು ಬಂಕಿನ ಮೆಷಿನ್ನಿಗೆ ಹಾಕಿದರೆ ಲೀಟರಿಗೆ 1.99 ರಿಂಗಿಟ್. ಆಗ ಒಂದು ರಿಂಗಿಟ್ ಅಂದರೆ ನಮ್ಮ ಇಪ್ಪತ್ತು ರೂಪಾಯಿಗೆ ತುಸು ಜಾಸ್ತಿ ಇತ್ತು, ಲೆಕ್ಕ ನೀವೇ ಮಾಡಿ. ಅದೂ ಶುರುವಿನಲ್ಲಿ ತಿಂಗಳಿಗೆ 300 ಲೀಟರ್ ತನಕ ಮಾತ್ರ ಇತ್ತು. ನನ್ನಂಥ ವಿದೇಶಿಯರಿಗೆ ಅದೇ ಬಂಕಿನಲ್ಲಿ, ಅದೇ ಪೆಟ್ರೋಲಿಗೆ ಆಗ 2.60 ರಿಂಗಿಟ್ ಇತ್ತು. ಸರ್ಕಾರ ಸಬ್ಸಿಡಿಯನ್ನು ಪೂರ್ತಿ ತೆಗೆದಿಲ್ಲ, ಯಾರಿಗೆ ಕೊಡಬೇಕು ಎಂದು ಆರಿಸಿದೆ.

ಇಷ್ಟು ದೊಡ್ಡ ಬದಲಾವಣೆ ಆದರೂ ಅದರ ಮರುದಿನ ಬೀದಿಯಲ್ಲಿ ಗಲಾಟೆ ಇರಲಿಲ್ಲ. ಇದೇ ದೇಶದಲ್ಲಿ ಹಿಂದೆ ಬೆಲೆ ಏರಿಕೆ, ಸಬ್ಸಿಡಿ ಕಡಿತದ ಕಾರಣಕ್ಕೆ ಸಾವಿರಾರು ಜನ ಬೀದಿಗಿಳಿದಿದ್ದರು, ಸರ್ಕಾರಗಳು ಅಲುಗಾಡಿದ್ದವು. ಹಾಗಾದರೆ ಜನಕ್ಕೆ ಸಿಟ್ಟು ಬರುವುದು ಯಾವಾಗ, ಬರದಿರುವುದು ಯಾವಾಗ? ಇವತ್ತಿನ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ರಜೆಯ ದಿನ ಓದಿ.

*1974: ರಬ್ಬರಿನ ಸಿಟ್ಟು*

ಸುಳ್ಯದವರಿಗೆ ರಬ್ಬರ್ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಬೇಗ ಎದ್ದು ಟ್ಯಾಪಿಂಗ್, ಮಳೆ ಬಂದರೆ ಅದೂ ಇಲ್ಲ, ಶೀಟಿನ ರೇಟು ಬಿದ್ದರೆ ಅಂಗಡಿಯ ಸಾಲದ ಪುಸ್ತಕ ದಪ್ಪ ಆಗುತ್ತದೆ. ಮಲೇಷ್ಯಾದ ಉತ್ತರದಲ್ಲಿ ಥಾಯ್ಲೆಂಡ್ ಗಡಿ ಹತ್ತಿರ ಕೆಡಾ ರಾಜ್ಯದ ಬಾಲಿಂಗ್ ಎಂಬ ಊರಿದೆ. ಅಲ್ಲಿನವರೂ ನಮ್ಮ ಹಾಗೆಯೇ, ಚೂರುಪಾರು ಜಾಗದ ಸಣ್ಣ ರಬ್ಬರ್ ಬೆಳೆಗಾರರು.

1973ರ ಕೊನೆಯಲ್ಲಿ ಜಗತ್ತಿನಲ್ಲಿ ತೈಲದ ಬೆಲೆ ಹಾರಿತು. ಅದರ ಮರುವರ್ಷ ಮಲೇಷ್ಯಾದಲ್ಲಿ ಹಣದುಬ್ಬರ ಸುಮಾರು 17% ಆಯಿತು. ಅಕ್ಕಿ ದುಬಾರಿ, ಅತ್ತ ರಬ್ಬರಿನ ದರ ಪಾತಾಳಕ್ಕೆ. ಹಸಿವೆಗೆ ಕಾಡುಗೆಣಸು ತಿಂದು ಜನ ಸತ್ತರು ಎಂಬ ಸುದ್ದಿ ಹಬ್ಬಿತು. ಸರ್ಕಾರ ಅದನ್ನು ಅಲ್ಲಗಳೆಯಿತು. ಆದರೆ ಹೊಟ್ಟೆ ಹಸಿದಿದ್ದು ಸುಳ್ಳಾಗಿರಲಿಲ್ಲ. 1974ರ ನವೆಂಬರ್‌ನಿಂದ ಬಾಲಿಂಗ್‌ನಲ್ಲಿ ಮೆರವಣಿಗೆಗಳು ಶುರುವಾದವು. ಡಿಸೆಂಬರ್ ಹೊತ್ತಿಗೆ ಸಾವಿರಾರು ರೈತರು ಬೀದಿಯಲ್ಲಿದ್ದರು.

ಡಿಸೆಂಬರ್ 3ರಂದು ಕೌಲಾಲಂಪುರದಲ್ಲಿ ವಿದ್ಯಾರ್ಥಿಗಳು ಅವರ ಪರವಾಗಿ ಸೇರಿದರು. ಸೇರಿದ್ದು ಸೆಲಾಂಗೊರ್ ಕ್ಲಬ್ಬಿನ ಎದುರಿನ ದೊಡ್ಡ ಹುಲ್ಲಿನ ಮೈದಾನದಲ್ಲಿ. 1957ರಲ್ಲಿ ಬ್ರಿಟಿಷರ ಬಾವುಟ ಇಳಿದದ್ದು ಅಲ್ಲಿಯೇ. ಪೊಲೀಸರು ಅಶ್ರುವಾಯು ಬಿಟ್ಟರು, ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹಿಡಿದರು. ಈ ಪ್ರತಿಭಟನೆಯ ಸಂಬಂಧ ಬಂಧಿತರಾದವರಲ್ಲಿ 27 ವರ್ಷದ ಒಬ್ಬ ಯುವ ಮುಂದಾಳು ಇದ್ದರು. ಆಂತರಿಕ ಭದ್ರತಾ ಕಾಯ್ದೆಯಡಿ, ವಿಚಾರಣೆಯೇ ಇಲ್ಲದೆ, ಅವರನ್ನು ಎರಡು ವರ್ಷದ ಹತ್ತಿರ ಕಮುಂಟಿಂಗ್ ಶಿಬಿರದಲ್ಲಿ ಇಟ್ಟರು. ಹೆಸರು ಅನ್ವರ್ ಇಬ್ರಾಹಿಂ. ಈಗಿನ ಪ್ರಧಾನಿ.

ಈ ಹೆಸರು ನೆನಪಿಡಿ. ಮುಂದೆಯೂ ಬರುತ್ತದೆ.

*ಪೆಟ್ರೋಲ್ ಭಿಕ್ಷೆ ಅಲ್ಲ, ಪಾಲು*

ಅದೇ 1974ರ ಆಗಸ್ಟ್‌ನಲ್ಲಿ ಸರ್ಕಾರ ಪೆಟ್ರೋನಾಸ್ ಕಂಪನಿಯನ್ನು ಕಟ್ಟಿತು. ಕೌಲಾಲಂಪುರದ ಅವಳಿ ಗೋಪುರದ ಫೋಟೊ ಕೇಳುತ್ತೀರಲ್ಲ, ಆ ಪೆಟ್ರೋನಾಸ್. ದೇಶದ ಎಣ್ಣೆ, ಅನಿಲ ಎಲ್ಲ ಅದರ ಕೈಗೆ ಬಂತು. 1983ರಿಂದ ಬಂಕಿನ ಬೆಲೆಗೆ ಒಂದು ವ್ಯವಸ್ಥೆ ಬಂತು. ಹೊರಗಿನ ಮಾರುಕಟ್ಟೆ ಏರಿಳಿದರೂ ಗಿರಾಕಿಗೆ ಸರ್ಕಾರ ಹೇಳಿದ್ದೇ ಬೆಲೆ. ಹೆಚ್ಚಾದರೆ ವ್ಯತ್ಯಾಸವನ್ನು ಖಜಾನೆ ತುಂಬುತ್ತದೆ.

ಇದರಿಂದ ಜನರ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತು. ನೆಲ ನಮ್ಮದು, ಎಣ್ಣೆ ನಮ್ಮದು, ಅಗ್ಗದ ಪೆಟ್ರೋಲ್ ನಮ್ಮ ಪಾಲು. ನಮ್ಮಲ್ಲಿ ರೇಷನ್ ಅಕ್ಕಿಯನ್ನು ಬಡವರಿಗೆ ಕೊಡುವ ಸಹಾಯ ಅನ್ನುತ್ತೇವೆ. ಇಲ್ಲಿ ಪೆಟ್ರೋಲನ್ನು ಹಾಗೆ ಯಾರೂ ನೋಡುವುದಿಲ್ಲ, ಅದು ಮನೆಯ ಆಸ್ತಿಯ ಪಾಲಿನ ಹಾಗೆ. ಸಹಾಯ ಕಡಿಮೆಯಾದರೆ ಜನ ಬೇಜಾರಾಗುತ್ತಾರೆ, ಪಾಲು ಕಡಿಮೆಯಾದರೆ ಜಗಳಕ್ಕೆ ಬರುತ್ತಾರೆ. ಅಣ್ಣತಮ್ಮಂದಿರ ಪಾಲುಪಟ್ಟಿ ನೋಡಿದ ನಮಗೆ ಇದು ಬೇಗ ಅರ್ಥವಾಗುತ್ತದೆ.

*2008: ಒಂದೇ ರಾತ್ರಿಯಲ್ಲಿ 78 ಸೆನ್*

2008ರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರಲ್ಲಿಗೆ 130 ಡಾಲರ್ ದಾಟಿತು. ಪ್ರಧಾನಿ ಅಬ್ದುಲ್ಲಾ ಬದಾವಿ ಅವರ ಸರ್ಕಾರಕ್ಕೆ ಸಬ್ಸಿಡಿಯ ಭಾರ ತಡೆಯಲಿಲ್ಲ. ಜೂನ್ 4ರಂದು ಘೋಷಣೆ, ನಡುರಾತ್ರಿ ದಾಟಿದರೆ ಹೊಸ ಬೆಲೆ. ಪೆಟ್ರೋಲ್ 1.92ರಿಂದ 2.70 ರಿಂಗಿಟ್, ಒಂದೇ ಸಲ 41% ಏರಿಕೆ. ಡೀಸೆಲ್ 1.58ರಿಂದ 2.58. ಆ ಸಂಜೆ ಬಂಕುಗಳ ಎದುರು ಕಾರುಗಳ ಸಾಲು. ಮುಂದಿನ ತಿಂಗಳು ಕರೆಂಟಿನ ದರವೂ ಏರಿತು.

ಸರ್ಕಾರ ಬರಿಗೈಯಲ್ಲಿ ಬಿಟ್ಟಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಸಣ್ಣ ಮತ್ತು ಮಧ್ಯಮ ಗಾತ್ರದ ಕಾರಿಗೆ ವರ್ಷಕ್ಕೆ 625 ರಿಂಗಿಟ್, ಬೈಕಿಗೆ 150 ರಿಂಗಿಟ್, ಅಂಚೆ ಕಚೇರಿಯಲ್ಲಿ ಪಡೆಯಬೇಕು. ಆದರೆ ಏಟು ಇವತ್ತು ಬಿದ್ದು ಮುಲಾಮು ಆಮೇಲೆ ಬಂದರೆ ನೋವು ಯಾರಿಗೆ ಮರೆಯುತ್ತದೆ? ಜುಲೈ 6ರಂದು ವಿರೋಧ ಪಕ್ಷಗಳು ಕೆಲಾನಾ ಜಯದ ಕ್ರೀಡಾಂಗಣದಲ್ಲಿ ದೊಡ್ಡ ಪ್ರತಿಭಟನಾ ಸಭೆ ನಡೆಸಿದವು. ಆ ವರ್ಷ ವಿರೋಧ ಪಕ್ಷದ ದೊಡ್ಡ ಭರವಸೆ, ನಾವು ಬಂದರೆ ಇಂಧನದ ಬೆಲೆ ಇಳಿಸುತ್ತೇವೆ ಎನ್ನುವುದು. ಆ ಭರವಸೆಯ ಮುಖ ಮತ್ತೆ ಅನ್ವರ್ ಇಬ್ರಾಹಿಂ.

ತಮಾಷೆ ಏನೆಂದರೆ ಅದೇ ವರ್ಷದ ಕೊನೆಗೆ ಜಗತ್ತಿನ ಆರ್ಥಿಕತೆ ಕುಸಿದು ತೈಲದ ಬೆಲೆ ಬಿತ್ತು, ಸರ್ಕಾರ ಪೆಟ್ರೋಲ್ ದರವನ್ನು ಹಲವು ಸಲ ಇಳಿಸಿತು. ಆದರೂ ಜೂನ್ ತಿಂಗಳ ಆ ರಾತ್ರಿ ಯಾರಿಗೂ ಮರೆತುಹೋಗಲಿಲ್ಲ. ಮಾರ್ಚ್ ಚುನಾವಣೆಯಲ್ಲಿ ಆಗಲೇ ಮೂರನೇ ಎರಡರ ಬಹುಮತ ಕಳೆದುಕೊಂಡಿದ್ದ ಅಬ್ದುಲ್ಲಾ 2009ರ ಏಪ್ರಿಲ್‌ನಲ್ಲಿ ಕುರ್ಚಿ ಬಿಟ್ಟರು.

*ತೆರಿಗೆಯ ಕಾಲ*

ಅವರ ನಂತರ ಬಂದ ನಜೀಬ್ ರಜಾಕ್ ಜಾಣರಿದ್ದರು. 2012ರಲ್ಲಿ ಕಡಿಮೆ ಆದಾಯದ ಮನೆಗಳಿಗೆ 500 ರಿಂಗಿಟ್ ನಗದು ಕೊಡಲು ಶುರು ಮಾಡಿದರು. 2014ರ ಡಿಸೆಂಬರ್ 1ರಂದು ಪೆಟ್ರೋಲ್, ಡೀಸೆಲ್ ಸಬ್ಸಿಡಿಯನ್ನೇ ತೆಗೆದರು. ಜನ ಅಷ್ಟಾಗಿ ಕೂಗಲಿಲ್ಲ, ಏಕೆಂದರೆ ಆಗ ಜಗತ್ತಿನಲ್ಲಿ ಬೆಲೆ ಇಳಿಯುತ್ತಿತ್ತು. ನೆರೆ ಇಳಿದ ಮೇಲೆ ದೋಣಿ ಕಟ್ಟಿ ಹಾಕಿದರೆ ಯಾರು ಕೇಳುತ್ತಾರೆ?

ಆದರೆ 2015ರ ಏಪ್ರಿಲ್ 1ರಿಂದ 6% ಜಿಎಸ್‌ಟಿ ಬಂತು. ಅದು ಅಂಗಡಿಯ ಪ್ರತಿ ಬಿಲ್ಲಿನ ಕೆಳಗೆ ಅಚ್ಚಾಗಿ ಕಾಣುತ್ತಿತ್ತು. ಅದೇ ವರ್ಷ 1ಎಂಡಿಬಿ ಎಂಬ ಸರ್ಕಾರಿ ನಿಧಿಯ ಹಗರಣವೂ ಹೊರಬಿತ್ತು. ನಮ್ಮಿಂದ ಸೆನ್ ಸೆನ್ ಕಿತ್ತುಕೊಳ್ಳುತ್ತಾರೆ, ಅಲ್ಲಿ ಕೋಟಿಗಟ್ಟಲೆ ಹೋಗುತ್ತದೆ ಎಂಬ ಮಾತು ಮನೆಮನೆಯಲ್ಲಿ ಬಂತು. ಮೇ ದಿನದ ಮೆರವಣಿಗೆಯೇ ಜಿಎಸ್‌ಟಿ ವಿರೋಧಿ ಮೆರವಣಿಗೆ ಆಯಿತು. 2018ರ ಮೇ 9ರ ಚುನಾವಣೆಯಲ್ಲಿ, ಸ್ವಾತಂತ್ರ್ಯ ಬಂದ ಮೇಲೆ ಮೊದಲ ಬಾರಿಗೆ, ಆಳುವ ಕೂಟ ಸೋತಿತು. ಜೂನ್ 1ಕ್ಕೆ ಜಿಎಸ್‌ಟಿ ಸೊನ್ನೆ. ಸೆಪ್ಟೆಂಬರ್‌ನಲ್ಲಿ ಹಳೆಯ ಮಾರಾಟ ಮತ್ತು ಸೇವಾ ತೆರಿಗೆ ಮತ್ತೆ ಬಂತು. ತೆರಿಗೆ ಇಲ್ಲದೆ ಸರ್ಕಾರ ನಡೆಯುವುದಿಲ್ಲವಲ್ಲ.

*ಬೇಲಿಯ ಆಚೆ ಇದ್ದವರು ಈಚೆ ಬಂದಾಗ*

2022ರ ನವೆಂಬರ್‌ನಲ್ಲಿ ಅನ್ವರ್ ಪ್ರಧಾನಿಯಾದರು. ಖರ್ಚು ಕಡಿತ ಅವರಿಗೆ ಹೊಸದಲ್ಲ. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟಿನಲ್ಲಿ ಹಣಕಾಸು ಸಚಿವರಾಗಿ ಸರ್ಕಾರದ ಖರ್ಚನ್ನು 18% ಕಡಿತ ಮಾಡುವುದಾಗಿ ಘೋಷಿಸಿದವರು ಅವರೇ. ಈಗ ಪ್ರಧಾನಿಯಾದಾಗ ದೇಶದ ಸಾಲ ಲಕ್ಷ ಕೋಟಿ ರಿಂಗಿಟ್ ಮಟ್ಟದಲ್ಲಿತ್ತು. ಎರಡು ದೊಡ್ಡ ಕಾರು ಇಟ್ಟವರಿಗೆ ಸಬ್ಸಿಡಿಯ ಹೆಚ್ಚು ಪಾಲು, ಬೈಕಿನವನಿಗೆ ಚೂರು. ಇದು ನ್ಯಾಯವಲ್ಲ ಎಂಬ ಅವರ ವಾದ ನನಗೂ ಸರಿ ಅನಿಸುತ್ತದೆ.

ಅವರು ಮಾಡಿದ ರೀತಿ ನೋಡಿ. 2023ರ ನವೆಂಬರ್‌ನಲ್ಲಿ ಕೋಳಿ ಮಾಂಸದ ಸಬ್ಸಿಡಿ ಹೋಯಿತು. 2024ರ ಜೂನ್ 10ಕ್ಕೆ ಡೀಸೆಲ್ 2.15ರಿಂದ 3.35 ರಿಂಗಿಟ್, ಅದೂ ಪೆನಿನ್ಸುಲಾ ಭಾಗಕ್ಕೆ ಮಾತ್ರ. ಬೋರ್ನಿಯೊ ದ್ವೀಪದ ಸಬಾ, ಸರವಾಕ್‌ಗಳನ್ನು ಮುಟ್ಟಲಿಲ್ಲ. ಅರ್ಹರಿಗೆ ತಿಂಗಳಿಗೆ 200 ರಿಂಗಿಟ್ ನಗದು. ಅದೇ ವಾರ ಕರ್ನಾಟಕದಲ್ಲೂ ತೆರಿಗೆ ಏರಿ ಪೆಟ್ರೋಲ್ ಸುಮಾರು 3 ರೂಪಾಯಿ ಹೆಚ್ಚಾದದ್ದು ನಿಮಗೆ ನೆನಪಿರಬಹುದು. 2025ರ ಆಗಸ್ಟ್‌ನಲ್ಲಿ ಮೊಟ್ಟೆಯ ಸಬ್ಸಿಡಿ ಮುಗಿಯಿತು. ಪೆಟ್ರೋಲ್ ಕೊನೆಗೆ ಬಂತು. ಒಂದೊಂದೇ ಎಲೆ ಕಿತ್ತರೆ ಮರ ಬೋಳಾದದ್ದು ತಡವಾಗಿ ಕಾಣುತ್ತದೆ.

ಹಾಗಂತ ಸಿಟ್ಟು ಬರಲೇ ಇಲ್ಲ ಎಂದಲ್ಲ. 2025ರ ಜುಲೈ 1ರಿಂದ ಮಾರಾಟ ಮತ್ತು ಸೇವಾ ತೆರಿಗೆಯನ್ನು ಹೊಸ ವಸ್ತುಗಳಿಗೆ ಹಬ್ಬಿಸುವ ಪಟ್ಟಿಯಲ್ಲಿ ಆಮದು ಹಣ್ಣುಗಳೂ ಇದ್ದವು. ಜನ ಗೊಣಗಿದ ರೀತಿಗೆ ಸೇಬು, ಕಿತ್ತಳೆ, ಖರ್ಜೂರಗಳನ್ನು ಜೂನ್ ಕೊನೆಯಲ್ಲೇ ಪಟ್ಟಿಯಿಂದ ತೆಗೆದರು. ಜುಲೈ 26ರಂದು ಪ್ರಧಾನಿ ಕೆಳಗಿಳಿಯಬೇಕು ಎಂದು ಕೌಲಾಲಂಪುರದಲ್ಲಿ ದೊಡ್ಡ ಸಭೆ ನಡೆಯಿತು. ಪೊಲೀಸರ ಲೆಕ್ಕದಲ್ಲೇ ಸುಮಾರು 18,000 ಜನ. ನೂರು ತುಂಬಿದ ಮಾಜಿ ಪ್ರಧಾನಿ ಮಹತೀರ್ ಕೂಡ ಬಂದು ಮಾತಾಡಿದರು. ಜೀವನ ವೆಚ್ಚ ದೊಡ್ಡ ದೂರು. ಸಭೆ ನಡೆದ ಜಾಗ ಮೆರ್ಡೆಕಾ ಚೌಕ. ಅಂದರೆ 1974ರಲ್ಲಿ ವಿದ್ಯಾರ್ಥಿಗಳು ಸೇರಿದ್ದ ಅದೇ ಮೈದಾನ, ಈಗ ಹೆಸರು ಮಾತ್ರ ಬೇರೆ.

ಆ ಸಭೆಗೆ ಮೂರು ದಿನ ಮೊದಲು, ಜುಲೈ 23ರಂದು, ಸರ್ಕಾರ ಎರಡು ಮಾತು ಹೇಳಿತು: 18 ದಾಟಿದ ಪ್ರತಿ ಪ್ರಜೆಗೆ ಸಾಮಾನು ಕೊಳ್ಳಲು 100 ರಿಂಗಿಟ್, ಮತ್ತು ಪೆಟ್ರೋಲ್ 2.05ರಿಂದ 1.99ಕ್ಕೆ. ಕಡಿತ ಬರುವ ಮೊದಲೇ ಪ್ರಜೆಯ ಬೆಲೆ ಆರು ಸೆನ್ ಇಳಿದಂತಾಯಿತು. ಮೊದಲು ಮುಲಾಮು, ಆಮೇಲೆ ಚುಚ್ಚುಮದ್ದು. ಐವತ್ತು ವರ್ಷದಲ್ಲಿ ಸರ್ಕಾರಗಳು ಕಲಿತ ಪಾಠ ಇದು. ಜನ ಸಿಟ್ಟಾಗುವುದು ಎಷ್ಟು ಹೋಯಿತು ಎನ್ನುವುದಕ್ಕಿಂತ ಹೆಚ್ಚಾಗಿ ಹೇಗೆ ಹೋಯಿತು, ನಾನು ಪಟ್ಟಿಯ ಒಳಗೋ ಹೊರಗೋ ಎನ್ನುವುದಕ್ಕೆ.

ನಮ್ಮಲ್ಲೂ ಹಾಗೆಯೇ ಅಲ್ಲವಾ? 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾದಾಗ ಎಷ್ಟು ಗಲಾಟೆ! ಅಕ್ಕಿಯ ಕೆಜಿ ಲೆಕ್ಕಕ್ಕಲ್ಲ, ಕಾರ್ಡ್ ಕಿತ್ತದ್ದಕ್ಕೆ. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಬೇಕಾಯಿತು. ಪಟ್ಟಿಯಿಂದ ಬಿದ್ದವರಿಗೆ ಮತ ಇತ್ತು, ಶಾಸಕರ ಫೋನ್ ನಂಬರ್ ಇತ್ತು.

*ಮತ ಇಲ್ಲದವರ ಲೆಕ್ಕ*

ಇನ್ನು ನನ್ನ ಕೆಲಸಕ್ಕೆ ಹತ್ತಿರದ ಮಾತು. ಇಲ್ಲಿನ ಪ್ರಜೆ ಸರ್ಕಾರಿ ಕ್ಲಿನಿಕ್ಕಿಗೆ ಹೋದರೆ 1 ರಿಂಗಿಟ್, ತಜ್ಞ ವೈದ್ಯರಿಗೆ 5 ರಿಂಗಿಟ್. ಎಷ್ಟೋ ಸರ್ಕಾರ ಬಂದು ಹೋದರೂ ಆ ಒಂದು ರಿಂಗಿಟ್ಟನ್ನು ಮುಟ್ಟುವ ಧೈರ್ಯ ಯಾರಿಗೂ ಬಂದಿಲ್ಲ. ಆದರೆ ವಿದೇಶಿಯರ ದರವನ್ನು 2015ರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. 2017ರಲ್ಲಿ ಮೂರನೇ ದರ್ಜೆಯ ವಾರ್ಡಿಗೆ ಸೇರುವ ವಿದೇಶಿ ರೋಗಿಯ ಠೇವಣಿ 600ರಿಂದ 1,400 ರಿಂಗಿಟ್ ಆಯಿತು. ಖಾಸಗಿ ಆಸ್ಪತ್ರೆಯಲ್ಲಿ 2025ರ ಜುಲೈಯಿಂದ ವಿದೇಶಿ ರೋಗಿಯ ಬಿಲ್ಲಿಗೆ 6% ಸೇವಾ ತೆರಿಗೆ ಸೇರಿದೆ. ಇದಕ್ಕೆಲ್ಲ ಯಾವ ಮೈದಾನದಲ್ಲೂ ಸಭೆ ನಡೆಯಲಿಲ್ಲ. ಮತ ಇಲ್ಲದವರ ಸಿಟ್ಟಿಗೆ ಚುನಾವಣೆಯಲ್ಲಿ ಬೆಲೆ ಇಲ್ಲ.

ನನ್ನ ಸಂಬಳಕ್ಕೆ, ನನಗಿರುವ ವಿಮೆಗೆ ಇದು ದೊಡ್ಡ ಹೊರೆ ಅಲ್ಲ. ಆದರೆ ಕಟ್ಟಡದ ಕೆಲಸದ, ತೋಟದ, ಗ್ಲೌಸ್ ಫ್ಯಾಕ್ಟರಿಯ ಬಾಂಗ್ಲಾ, ನೇಪಾಳಿ, ನಮ್ಮ ತಮಿಳು ಹುಡುಗರನ್ನು ನೋಡುತ್ತೇನೆ. ಎಲ್ಲಿ ನೋವು ಎಂದು ಕೇಳಿದರೆ ಅವರ ಮೊದಲ ಮಾತು "ಬೆರಾಪ?", ಎಷ್ಟಾಗುತ್ತದೆ? ಕಾಲಿನ ಗಾಯ ಕೀವಾಗಿ ವಾಸನೆ ಬಂದ ಮೇಲೆ ಬರುತ್ತಾರೆ. ಮೊದಲ ದಿನ ಬಂದಿದ್ದರೆ ಒಂದು ಡ್ರೆಸ್ಸಿಂಗ್, ಒಂದು ಕೋರ್ಸ್ ಮಾತ್ರೆ. ತಡವಾದರೆ ಬೆರಳು ಹೋಗುತ್ತದೆ. ಕೆಮ್ಮನ್ನು ತಿಂಗಳುಗಟ್ಟಲೆ ನುಂಗಿಕೊಂಡವನಿಗೆ ಟಿಬಿ ಇದ್ದರೆ, ಅದು ಅವನ ಪಕ್ಕದ ಹಾಸಿಗೆಯವನ ಗುರುತಿನ ಚೀಟಿ ಕೇಳಿ ಹರಡುವುದಿಲ್ಲ. ಖಜಾನೆಗೆ ಇವತ್ತು ಉಳಿದ ಹಣ ನಾಳೆ ಬೇರೆ ಬಾಗಿಲಿಂದ ಹೋಗುತ್ತದೆ.

ತನ್ನ ತೆರಿಗೆಯ ಹಣವನ್ನು ತನ್ನ ಜನಕ್ಕೆ ಮೊದಲು ಕೊಡುವುದು ಯಾವ ದೇಶಕ್ಕೂ ತಪ್ಪಲ್ಲ. ಪೆಟ್ರೋಲಿಗೆ ನಾನು ಶುರುವಿನಲ್ಲಿ 61 ಸೆನ್ ಹೆಚ್ಚು ಕೊಟ್ಟೆ, ದೂರಿಲ್ಲ. ಪೆಟ್ರೋಲ್ ಬೇಡದಿದ್ದರೆ ರೈಲಿನಲ್ಲಿ ಹೋಗಬಹುದು. ಕೀವಾದ ಕಾಲಿಗೆ ಬೇರೆ ದಾರಿ ಇಲ್ಲ. ಎಲ್ಲಿ ಕತ್ತರಿ ಹಾಕಿದರೆ ಯಾರೂ ಕೂಗುವುದಿಲ್ಲವೋ ಅಲ್ಲಿಯೇ ಹಾಕುವುದು ಸುಲಭ, ಆದರೆ ಕೂಗು ಕೇಳಲಿಲ್ಲ ಅಂದರೆ ನೋವಾಗಲಿಲ್ಲ ಎಂದಲ್ಲ. ವಾರ್ಡಿನಲ್ಲಿ ನಾವು ಮೊದಲು ಕಲಿಯುವುದೇ ಇದನ್ನು: ಕಿರುಚುವ ರೋಗಿಗಿಂತ ಸುಮ್ಮನೆ ಮಲಗಿದವನನ್ನು ಮೊದಲು ನೋಡು.

ಊರಿಂದ ಮಕ್ಕಳನ್ನು ಇಲ್ಲಿಗೆ ಕೆಲಸಕ್ಕೆ ಕಳಿಸುವ ಯೋಚನೆ ಇರುವವರಿಗೆ ಒಂದು ಮಾತು. ಏಜೆಂಟ್ ಸಂಬಳದ ಬಗ್ಗೆ ಹೇಳುತ್ತಾನೆ, ಊಟ, ರೂಮಿನ ಬಗ್ಗೆ ಹೇಳುತ್ತಾನೆ. ನೀವು ಆಸ್ಪತ್ರೆ ವಿಮೆಯ ಬಗ್ಗೆ ಕೇಳಿ. ವರ್ಷಕ್ಕೆ ಎಷ್ಟು ಮಿತಿ, ಠೇವಣಿ ಯಾರು ಕಟ್ಟುತ್ತಾರೆ, ಕಾಗದದಲ್ಲಿ ಇದೆಯಾ ಎಂದು ನೋಡಿ. ಸಂಶಯ ಇದ್ದರೆ ಇಲ್ಲಿ ಕಮೆಂಟ್ ಹಾಕಬೇಡಿ, ನನಗೆ ಮೆಸೇಜ್ ಮಾಡಿ, ಡ್ಯೂಟಿ ಮುಗಿದ ಮೇಲೆ ಫೋನ್ ಮಾಡುತ್ತೇನೆ.

ಮುಂದಿನ ಪತ್ರ ಇಲ್ಲಿನ ರಬ್ಬರ್ ತೋಟದ ತಮಿಳರ ಬಗ್ಗೆ. 1974ರಲ್ಲಿ ನಮ್ಮ ಕಡೆ ರಬ್ಬರ್ ಶೀಟಿಗೆ ಎಷ್ಟು ಸಿಗುತ್ತಿತ್ತು, ಅಕ್ಕಿಗೆ ಎಷ್ಟು ಕೊಡಬೇಕಿತ್ತು ಎಂದು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಕೇಳಿ ಬರೆಯಿರಿ. ಬಾಲಿಂಗ್‌ನ ಲೆಕ್ಕದ ಪಕ್ಕ ನಮ್ಮ ಲೆಕ್ಕವನ್ನೂ ಇಟ್ಟು ನೋಡಬೇಕು.