ಪುರುಷನಿಗೆ ಎಫ್‌ಎಸ್‌ಎಚ್ ಬೇಕೆ? ಬೆಂಗಳೂರಿನ ಸಾಕ್ಷ್ಯದ ಮರುಪರಿಶೀಲನೆ

ವಯಸ್ಕ ಪುರುಷನ ವೃಷಣದಲ್ಲಿ ವೀರ್ಯಾಣುಗಳು ಹುಟ್ಟಿ ಬಲಿಯಲು ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಹಾರ್ಮೋನು ಬೇಕೇಬೇಕೆ, ಇಲ್ಲವೆ ಅದೇ ಗ್ರಂಥಿಯ ಎಲ್‌ಎಚ್ ಹೊರಡಿಸುವ ಟೆಸ್ಟೊಸ್ಟೆರಾನ್ ಒಂದೇ ಸಾಕೆ ಎಂಬ ಪ್ರಶ್ನೆ 1997ರಲ್ಲಿ ಇತ್ಯರ್ಥವಾಯಿತೆಂದು ಹಲವರು ಬರೆಯುತ್ತ ಬಂದಿದ್ದಾರೆ. ಆ ವರ್ಷ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿಗಳು ಬೆನ್ನುಬೆನ್ನಿಗೆ ಪ್ರಕಟವಾದವು. ಎಫ್‌ಎಸ್‌ಎಚ್ ತಯಾರಿಸಲಾಗದ ಗಂಡು ಇಲಿಗಳೂ ಮರಿ ಹುಟ್ಟಿಸುತ್ತವೆ ಎಂದು ಕುಮಾರ್ ಮತ್ತು ಸಂಗಡಿಗರ ವರದಿ ತೋರಿಸಿತು. ಎಫ್‌ಎಸ್‌ಎಚ್ ಗ್ರಾಹಕ ಕೆಟ್ಟಿದ್ದ ಐವರು ಫಿನ್‌ಲೆಂಡಿನ ಪುರುಷರಲ್ಲಿ ಇಬ್ಬರು ತಂದೆಯಾಗಿದ್ದರು ಎಂದು ಟಪನೈನೆನ್ ಮತ್ತು ಸಂಗಡಿಗರ ವರದಿ ತಿಳಿಸಿತು. ಇವೆರಡನ್ನೂ ಕೂಡಿಸಿ ‘ಗಂಡಿಗೆ ಎಫ್‌ಎಸ್‌ಎಚ್ ಅನಿವಾರ್ಯವಲ್ಲ’ ಎಂಬ ತೀರ್ಮಾನ ಹೊರಟಿತು. ಅದಕ್ಕೆ ಎಷ್ಟೋ ಮೊದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದ್ದ ಪ್ರಯೋಗಗಳು ಆ ಗದ್ದಲದಲ್ಲಿ ಹಿಂದೆ ಸರಿದವು. ಹಾಗೆ ಆಗಬಾರದಿತ್ತು.

ಬೆಂಗಳೂರಿನ ಕೆಲಸದ ಕೇಂದ್ರದಲ್ಲಿದ್ದವರು ಎನ್. ರಘುವೀರ ಮೌದ್ಗಲ್. ಬರ್ಕ್ಲಿಯಲ್ಲಿ ಸಿ. ಎಚ್. ಲೀ ಅವರೊಡನೆ ಪಿಟ್ಯುಟರಿ ಹಾರ್ಮೋನುಗಳ ಪ್ರತಿಕಾಯಗಳ ಮೇಲೆ ಕೆಲಸ ಮಾಡಿದ ಅವರು ಅದೇ ವಿಧಾನವನ್ನು ಸಂತಾನಶಾಸ್ತ್ರದ ಮುಖ್ಯ ಸಾಧನವಾಗಿ ಬೆಳೆಸಿದರು. ಪಿಟ್ಯುಟರಿಯನ್ನೇ ಕತ್ತರಿಸಿ ತೆಗೆದರೆ ಎಲ್ಲ ಹಾರ್ಮೋನುಗಳೂ ಒಟ್ಟಿಗೆ ಹೋಗುತ್ತವೆ. ಯಾವುದರ ಕೊರತೆಯಿಂದ ಏನಾಯಿತೆಂದು ಬಿಡಿಸಿ ಹೇಳಲಾಗದು. ಪ್ರತಿಕಾಯವಾದರೋ ಒಂದೇ ಹಾರ್ಮೋನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ, ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ.

ಪ್ರಯೋಗಕ್ಕೆ ಆರಿಸಿಕೊಂಡದ್ದು ದಕ್ಷಿಣ ಭಾರತದ್ದೇ ಆದ ಮಂಗ, ಮಕಾಕ ರೇಡಿಯೇಟ. ಬಾದಾಮಿಯ ಮೇಣಬಸದಿ ಮೆಟ್ಟಿಲುಗಳ ಮೇಲೆ ಗುಂಪುಗುಂಪಾಗಿ ಕಾಣುವುದು ಇದೇ ಜಾತಿ. ಗಂಡು ಮಂಗಗಳಿಗೆ ಕುರಿಯ ಪಿಟ್ಯುಟರಿಯಿಂದ ಶುದ್ಧಗೊಳಿಸಿದ ಎಫ್‌ಎಸ್‌ಎಚ್ ಲಸಿಕೆಯಾಗಿ ಕೊಡಲಾಯಿತು. ಅದರ ವಿರುದ್ಧ ಹುಟ್ಟಿದ ಪ್ರತಿಕಾಯ ಮಂಗದ ಸ್ವಂತ ಎಫ್‌ಎಸ್‌ಎಚ್ ಅನ್ನೂ ತಟಸ್ಥಗೊಳಿಸಿತು. ಟೆಸ್ಟೊಸ್ಟೆರಾನ್ ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಇಲ್ಲಿ ನಿರ್ಣಾಯಕ. ಈ ಮಂಗದ ರಕ್ತದಲ್ಲಿ ಆ ಹಾರ್ಮೋನು ಹಗಲು ತಗ್ಗಿ ರಾತ್ರಿ ಏರುತ್ತದೆಂಬುದು ಬೆಂಗಳೂರು ಗುಂಪಿಗೆ ಚೆನ್ನಾಗಿ ಗೊತ್ತಿತ್ತು. 1976ರಲ್ಲೇ ಈ ಏರಿಳಿತದ ಬಗ್ಗೆ ‘ನೇಚರ್’ನಲ್ಲಿ ಬರೆದಿತ್ತು. ಹಾಗಾಗಿ ರಕ್ತವನ್ನು ರಾತ್ರಿ ಹತ್ತು ಗಂಟೆಗೆ ತೆಗೆದು ಅಳೆಯುವುದು ಅಲ್ಲಿನ ರೂಢಿಯಾಗಿತ್ತು. ಹಗಲಿನ ಒಂದೇ ಅಳತೆಯನ್ನು ನಂಬಿ ಟೆಸ್ಟೊಸ್ಟೆರಾನ್ ಬಗ್ಗೆ ತೀರ್ಪು ಕೊಡುವವರು ಈ ಎಚ್ಚರವನ್ನು ಗಮನಿಸಬೇಕು.

1992ರಲ್ಲಿ ಪ್ರಕಟವಾದ ದೀರ್ಘಾವಧಿ ಅಧ್ಯಯನದ ಫಲಿತಾಂಶ ಸ್ಪಷ್ಟವಾಗಿದೆ. ಲಸಿಕೆ ಪಡೆದ ಮಂಗಗಳ ವೀರ್ಯಾಣು ಸಂಖ್ಯೆ ಬಹಳ ಕುಸಿಯಿತು, ಟೆಸ್ಟೊಸ್ಟೆರಾನ್ ಕುಸಿಯಲಿಲ್ಲ. ಸಂತಾನಶಕ್ತಿ ಸಾಬೀತಾದ ಹೆಣ್ಣುಗಳೊಡನೆ ಋತುಚಕ್ರದ ನಡುದಿನಗಳಲ್ಲಿ ಕೂಡಲು ಬಿಟ್ಟರೂ ಗರ್ಭ ನಿಲ್ಲಲಿಲ್ಲ. ಲಸಿಕೆಯ ಮರುಮದ್ದು ನಿಲ್ಲಿಸಿದ ಮೇಲೆ ಸಂತಾನಶಕ್ತಿ ಮರಳಿತು.

ಈ ಲಸಿಕೆಯ ಹಾದಿಗೆ 1992ಕ್ಕೂ ಮುಂಚೆಯೇ ಜರ್ಮನಿಯಿಂದ ಆಕ್ಷೇಪ ಬಂದಿತ್ತು. ನೀಶ್ಲಾಗ್ ಗುಂಪು ರೀಸಸ್ ಮಂಗಗಳಲ್ಲಿ ಇಂಥದೇ ಪ್ರಯೋಗವನ್ನು ನಾಲ್ಕೂವರೆ ವರ್ಷ ನಡೆಸಿ 1983ರಲ್ಲಿ ಪ್ರಕಟಿಸಿತ್ತು. ವೀರ್ಯಾಣು ಸಂಖ್ಯೆ ಇಳಿದರೂ ಸೊನ್ನೆಯಲ್ಲಿ ಸ್ಥಿರವಾಗಿ ನಿಲ್ಲದ ಕಾರಣ, ಗರ್ಭನಿರೋಧಕ್ಕೆ ಈ ಹಾದಿಯನ್ನು ಕೈಬಿಡಬೇಕೆಂದು ನೀಶ್ಲಾಗ್ 1986ರಲ್ಲಿ ವಾದಿಸಿದರು. ಅವರ ದತ್ತಾಂಶ ಗೌರವಕ್ಕೆ ಅರ್ಹ, ಅಳತೆಗೋಲು ಮಾತ್ರ ತಪ್ಪು. ಬಂಜೆತನಕ್ಕೆ ವೀರ್ಯಾಣು ಪೂರ್ತಿ ಇಲ್ಲವಾಗಬೇಕಿಲ್ಲ, ಇರುವ ವೀರ್ಯಾಣು ಕೆಲಸಕ್ಕೆ ಬಾರದಿದ್ದರೂ ಸಾಕು. ಅರವಿಂದನ್, ಕೃಷ್ಣಮೂರ್ತಿ ಮತ್ತು ಮೌದ್ಗಲ್ 1997ರಲ್ಲಿ ತೋರಿಸಿದ್ದು ಇದನ್ನೇ. ಸಹಜ ವೀರ್ಯಾಣುವಿನ ತಲೆಯಲ್ಲಿ ಡಿಎನ್‌ಎ ಗಂಧಕದ ಬಂಧಗಳಿಂದ ಬಿಗಿಯಾಗಿ ಅಡಕವಾಗಿರುತ್ತದೆ. ಎಫ್‌ಎಸ್‌ಎಚ್ ಕಳೆದುಕೊಂಡ ಮಂಗಗಳ ವೀರ್ಯಾಣುಗಳನ್ನು ಆ ಬಂಧ ಮುರಿಯುವ ಡೈಥಯೋಥ್ರೈಟಾಲ್ ದ್ರಾವಣದಲ್ಲಿಟ್ಟಾಗ ಅವುಗಳ ಡಿಎನ್‌ಎ ಸಹಜ ವೀರ್ಯಾಣುಗಳಿಗಿಂತ ಸುಲಭವಾಗಿ ಸಡಿಲಗೊಂಡಿತು. ಎಣಿಕೆಯಲ್ಲಿ ಸಿಗುವ ವೀರ್ಯಾಣು ಪಕ್ವವಾಗಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಸೂಕ್ಷ್ಮದರ್ಶಕದ ಎಣಿಕೆಯೊಂದನ್ನೇ ಹಿಡಿದು ನಡೆಯುವ ಚರ್ಚೆಗಳಲ್ಲಿ ಈ ಲೇಖನ ಉಲ್ಲೇಖವಾಗುವುದೇ ಅಪರೂಪ.

ಈಗ ಫಿನ್‌ಲೆಂಡಿನ ಐವರು. ಅವರ ಅಕ್ಕತಂಗಿಯರಲ್ಲಿ ಅಂಡಾಶಯ ಬೆಳೆಯದಿರುವುದಕ್ಕೆ ಎಫ್‌ಎಸ್‌ಎಚ್ ಗ್ರಾಹಕದ ಉತ್ಪರಿವರ್ತನೆ ಕಾರಣವೆಂದು 1995ರಲ್ಲಿ ಐಟ್ಟೊಮಾಕಿ ಮತ್ತು ಸಂಗಡಿಗರು ಕಂಡುಹಿಡಿದಿದ್ದರು. ಗ್ರಾಹಕದ 189ನೇ ಸ್ಥಾನದ ಅಲನಿನ್ ಜಾಗದಲ್ಲಿ ವ್ಯಾಲಿನ್ ಕೂತಿತ್ತು. ಅದೇ ದೋಷ ಎರಡೂ ಪ್ರತಿಗಳಲ್ಲಿದ್ದ ಪುರುಷರನ್ನು ಪರೀಕ್ಷಿಸಿದಾಗ ಇಬ್ಬರಿಗೆ ಮಕ್ಕಳಿದ್ದದ್ದು ನಿಜ. ಆದರೆ ಐವರಲ್ಲಿ ಒಬ್ಬರ ವೀರ್ಯಪರೀಕ್ಷೆಯೂ ಸಹಜವಾಗಿರಲಿಲ್ಲ. ಮೂಲ ವರದಿಯ ಶೀರ್ಷಿಕೆಯೇ ವೀರ್ಯೋತ್ಪತ್ತಿ ಮತ್ತು ಸಂತಾನಶಕ್ತಿ ಬೇರೆಬೇರೆ ಮಟ್ಟದಲ್ಲಿ ಕುಂದಿದೆ ಎನ್ನುತ್ತದೆ. ‘ಅನಿವಾರ್ಯವಲ್ಲ’ ಎಂಬ ಮಾತಿಗೆ ಒತ್ತು ಕೊಟ್ಟವರು ‘ಕುಂದಿದೆ’ ಎಂಬುದನ್ನು ಬದಿಗಿಟ್ಟರು.

ಇನ್ನೂ ಎರಡು ಸಂಗತಿಗಳಿವೆ. ಈ ಉತ್ಪರಿವರ್ತನೆಯಿಂದ ಗ್ರಾಹಕದ ಬಹುಪಾಲು ಕೋಶದೊಳಗೇ ಸಿಕ್ಕಿಬೀಳುತ್ತದಾದರೂ ಅಲ್ಪಭಾಗ ಕೋಶದ ಮೇಲ್ಮೈ ತಲುಪುತ್ತದೆಂದು ನಂತರದ ಅಧ್ಯಯನಗಳು ಕಂಡವು. ಎಫ್‌ಎಸ್‌ಎಚ್ ಸಂದೇಶ ಪೂರ್ತಿ ನಿಂತಿತ್ತೆಂದು ಹೇಳುವುದು ಕಷ್ಟ. ಎರಡನೆಯದಾಗಿ, ಹುಟ್ಟಿನಿಂದಲೇ ಕೊರತೆಯಿರುವ ದೇಹವೂ ಪ್ರೌಢಾವಸ್ಥೆಯಲ್ಲಿ ಹಾರ್ಮೋನು ಕಳೆದುಕೊಂಡ ದೇಹವೂ ಒಂದೇ ಅಲ್ಲ. ಮೊದಲನೆಯದಕ್ಕೆ ಹೊಂದಿಕೊಳ್ಳಲು ಕಾಲಾವಕಾಶವಿರುತ್ತದೆ. ವಯಸ್ಕನಲ್ಲಿ ಏನಾಗುತ್ತದೆಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುವುದು ಬೆಂಗಳೂರಿನ ಪ್ರಯೋಗವೇ.

1998ರಲ್ಲಿ ಬಂದ ಎರಡು ವರದಿಗಳು ತಕ್ಕಡಿಯನ್ನು ಇನ್ನಷ್ಟು ಬಾಗಿಸುತ್ತವೆ. ಎಫ್‌ಎಸ್‌ಎಚ್‌ನ ಬೀಟಾ ಉಪಘಟಕವೇ ಕೆಟ್ಟಿದ್ದ ಇಬ್ಬರು ಪುರುಷರಲ್ಲಿ, ಇಸ್ರೇಲಿನ ಒಬ್ಬರು ಮತ್ತು ಸ್ವೀಡನ್ನಿನ ಒಬ್ಬರಲ್ಲಿ, ವೀರ್ಯಾಣುಗಳೇ ಕಾಣಲಿಲ್ಲ. ಇಸ್ರೇಲಿನವರಲ್ಲಿ ಟೆಸ್ಟೊಸ್ಟೆರಾನ್ ಕೂಡ ಕಡಿಮೆಯಿದ್ದುದರಿಂದ ಆ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಸ್ವೀಡನ್ನಿನವರಲ್ಲಿ ಟೆಸ್ಟೊಸ್ಟೆರಾನ್ ಸಹಜವಾಗಿಯೇ ಇತ್ತು.

ಇಲಿಯ ಸಾಕ್ಷ್ಯವೂ ತೋರುವಷ್ಟು ಗಟ್ಟಿಯಲ್ಲ. ಕುಮಾರ್ ಅವರ ಇಲಿಗಳ ವೃಷಣ ಚಿಕ್ಕದಾಗಿತ್ತು, ವೀರ್ಯಾಣುಗಳೂ ಕಡಿಮೆಯಿದ್ದವು. ಮಾಂಟ್ರಿಯಲ್‌ನಲ್ಲಿ ಎಂ. ಆರ್. ಸಾಯಿರಾಂ ಗುಂಪು ಎಫ್‌ಎಸ್‌ಎಚ್ ಗ್ರಾಹಕವಿಲ್ಲದ ಇಲಿಗಳನ್ನು ಪರೀಕ್ಷಿಸಿ, ವೀರ್ಯೋತ್ಪತ್ತಿ ಪ್ರಮಾಣದಲ್ಲೂ ಗುಣದಲ್ಲೂ ಕುಸಿದಿರುವುದನ್ನು 2000ದಲ್ಲಿ ವರದಿ ಮಾಡಿತು. ಪ್ರೈಮೇಟುಗಳಲ್ಲಿ ಎಫ್‌ಎಸ್‌ಎಚ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಮೌದ್ಗಲ್ ಮತ್ತು ಸಾಯಿರಾಂ 1998ರಲ್ಲಿ ‘ಹ್ಯೂಮನ್ ರಿಪ್ರೊಡಕ್ಷನ್’ನಲ್ಲಿ ಲೇಖನ ಬರೆದಿದ್ದರು. 1997ರ ತೀರ್ಮಾನವನ್ನು ಉಲ್ಲೇಖಿಸುವವರು ಆ ಲೇಖನವನ್ನೂ ಓದಬೇಕು.

ಮಾನವರಲ್ಲಿ ಬೆಂಗಳೂರು ಗುಂಪಿನ ಪ್ರಾಯೋಗಿಕ ಅಧ್ಯಯನ ಐವರು ಸ್ವಯಂಸೇವಕರಿಗೆ ಸೀಮಿತವಾಗಿತ್ತು. ಅದೂ 1997ರಲ್ಲೇ ಪ್ರಕಟವಾಯಿತು. ಕುರಿಯ ಎಫ್‌ಎಸ್‌ಎಚ್‌ಗೆ ಅವರ ದೇಹ ಪ್ರತಿಕಾಯ ತಯಾರಿಸಿತು, ಟೆಸ್ಟೊಸ್ಟೆರಾನ್ ಬದಲಾಗಲಿಲ್ಲ, ವೀರ್ಯಾಣು ಸಂಖ್ಯೆ ಇಳಿಯಿತು. ಐದು ಜನರಿಂದ ಗರ್ಭನಿರೋಧಕ ಲಸಿಕೆ ಸಿದ್ಧವಾಗದು. ಫಿನ್‌ಲೆಂಡಿನ ಐವರಿಂದ ಒಂದು ಹಾರ್ಮೋನು ಬೇಡವೆಂದು ಸಾಬೀತಾಗುವುದೂ ಇಲ್ಲ.

ಒಟ್ಟು ಸಾಕ್ಷ್ಯದಿಂದ ನಿಲ್ಲುವ ನಿರ್ಣಯ ಹೀಗಿದೆ. ವೀರ್ಯೋತ್ಪತ್ತಿಯ ಕ್ರಿಯೆ ನಡೆಯಲು ಟೆಸ್ಟೊಸ್ಟೆರಾನ್ ಬೇಕು. ಆ ಕ್ರಿಯೆ ಸಾಕಷ್ಟು ಸಂಖ್ಯೆಯಲ್ಲಿ ಪಕ್ವ ವೀರ್ಯಾಣುಗಳನ್ನು ಕೊಡಲು ವೃಷಣದ ಸೆರ್ಟೋಲಿ ಕೋಶಗಳ ಮೂಲಕ ಕೆಲಸ ಮಾಡುವ ಎಫ್‌ಎಸ್‌ಎಚ್ ಬೇಕು. ಪಿಟ್ಯುಟರಿ ಹಾರ್ಮೋನುಗಳ ಕೊರತೆಯಿಂದ ಮಕ್ಕಳಾಗದ ಪುರುಷರಿಗೆ ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ ಚುಚ್ಚುಮದ್ದೊಂದೇ ಸಾಲದಾದಾಗ ವೈದ್ಯರು ಎಫ್‌ಎಸ್‌ಎಚ್ ಸೇರಿಸುವುದು ಇದೇ ತಿಳಿವಳಿಕೆಯ ಮೇಲೆ.