ಬಿಳಿಗಿರಿಯ ಎರಡು ಎಲ್ಲೆಗಳು

ರಕ್ಷಿತಾರಣ್ಯಗಳ ಪ್ರಯೋಜನವನ್ನು ಕುರಿತು ವಿಚಾರಮಾಡುವವರಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳುಂಟು. ಕಾಡು ಮೃಗಪಕ್ಷಿಗಳಿಗೂ ಗಿಡಮರಗಳಿಗೂ ಮೀಸಲಾದುದು, ಮನುಷ್ಯನ ಹೆಜ್ಜೆ ಬೀಳದಿರುವುದೇ ಅದಕ್ಕೆ ಕ್ಷೇಮ ಎಂಬುದು ಒಂದು ಪಕ್ಷ. ಕಾಡು ಜನರ ದೇವರಿಗೂ ಹಾಡುಕಥೆಗಳಿಗೂ ನೆಲೆ ಎಂಬುದು ಇನ್ನೊಂದು. ಮೊದಲನೆಯದನ್ನು ಪ್ರಾಕೃತಿಕ ಮೌಲ್ಯವೆಂದೂ ಎರಡನೆಯದನ್ನು ಸಾಂಸ್ಕೃತಿಕ ಮೌಲ್ಯವೆಂದೂ ಹೆಸರಿಟ್ಟು ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುವುದು ವಾಡಿಕೆಯಾಗಿದೆ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಚರಿತ್ರೆಯನ್ನು ನೋಡಿದರೆ, ಈ ವಿಭಾಗವೇ ನಿಲ್ಲಲಾರದೆಂದು ತೋರುವುದು.

ಬಿಳಿಯ ಬಂಡೆಯ ದೆಸೆಯಿಂದ ಈ ಗಿರಿಗೆ ಬಿಳಿಗಿರಿಯೆಂಬ ಹೆಸರು, ಸಂಸ್ಕೃತದಲ್ಲಿ ಶ್ವೇತಾದ್ರಿ. ತಪ್ಪಲಿನ ಯಳಂದೂರು ಸೀಮೆ ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಈ ಬೆಟ್ಟಗಳ ಸಾಲು ಪಶ್ಚಿಮಘಟ್ಟಗಳನ್ನೂ ಪೂರ್ವಘಟ್ಟಗಳನ್ನೂ ಕೂಡಿಸುವ ಸೇತುವೆಯಂತಿದೆ. ಆದಕಾರಣ ಕುರುಚಲು ಕಾಡು, ಎಲೆಯುದುರುವ ಕಾಡು, ನಿತ್ಯಹರಿದ್ವರ್ಣದ ಶೋಲೆ, ಹುಲ್ಲುಗಾವಲು—ಇವೆಲ್ಲವೂ ಸ್ವಲ್ಪ ದೂರದೊಳಗೆ ಒಂದರ ಪಕ್ಕದಲ್ಲೊಂದು ಕಾಣುವುವು. ಆನೆಗಳು ಇಲ್ಲಿಂದ ಸತ್ಯಮಂಗಲದ ಕಾಡುಗಳಿಗೂ ಅಲ್ಲಿಂದ ಇಲ್ಲಿಗೂ ಸಂಚರಿಸುತ್ತವೆ.

ಈ ಕಾಡಿನ ಹಳೆಯ ನಿವಾಸಿಗಳು ಸೋಲಿಗರು. ರಂಗನಾಥನು ಸೋಲಿಗರ ಕನ್ಯೆಯಾದ ಕುಸುಮಾಲೆಯನ್ನು ಒಲಿದು ವರಿಸಿದನೆಂದು ಅವರ ಕಥೆ ಹೇಳುತ್ತದೆ. ಆದುದರಿಂದ ವೈಷ್ಣವ ಕ್ಷೇತ್ರದ ಮೂಲದೇವರು ಅವರಿಗೆ ‘ಭಾವ’ನಾಗಿದ್ದಾನೆ. ಭಾರ್ಗವೀ ಹೊಳೆಯ ದಡದಲ್ಲಿರುವ ದೊಡ್ಡ ಸಂಪಿಗೆಯ ಮರವೂ ಅವರಿಗೆ ದೇವರೇ. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಎಲ್ಲೆ’ ಉಂಟು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರಸ್ಥಾನಗಳು ಅದರೊಳಗೆ ಸೇರಿವೆ. ಎಲ್ಲೆಯೆಂದರೆ ಮೇರೆ, ಗಡಿ ಎಂದು ನಾವು ಅರ್ಥಮಾಡುವೆವಷ್ಟೆ. ಸೋಲಿಗರ ಮಾತಿನಲ್ಲಿ ಅದು ಬರಿಯ ಗೆರೆಯಾಗಿರದೆ, ಗೆರೆಯೊಳಗಿನ ನೀರು, ಕಲ್ಲು, ಮರ, ಪಿತೃಗಳ ಸಮಾಧಿ ಇವೆಲ್ಲವನ್ನೂ ಒಳಗೊಂಡ ನೆಲವೇ ಆಗಿದೆ.

ಎರಡನೆಯ ಎಲ್ಲೆಯನ್ನು ಹಾಕಿದುದು ಸರ್ಕಾರ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಜಾರಿಗೆ ಬಂದಮೇಲೆ, ೧೯೭೪ರಲ್ಲಿ ದೇವಾಲಯದ ಸುತ್ತಣ ಅರಣ್ಯವು ವನ್ಯಧಾಮವೆಂದು ಘೋಷಿಸಲ್ಪಟ್ಟಿತು. ೧೯೮೭ರಲ್ಲಿ ಅದರ ವಿಸ್ತೀರ್ಣವನ್ನು ಸುಮಾರು ೫೪೦ ಚದರ ಕಿಲೋಮೀಟರುಗಳಿಗೆ ಹೆಚ್ಚಿಸಲಾಯಿತು. ಈ ಧಾಮಕ್ಕೆ ಇಟ್ಟ ಹೆಸರು ‘ಬಿಳಿಗಿರಿರಂಗಸ್ವಾಮಿ ದೇವಾಲಯ ವನ್ಯಧಾಮ’ ಎಂಬುದು ಗಮನಾರ್ಹವಾಗಿದೆ. ಹೆಸರಿನಲ್ಲಿ ದೇವರಿಗೆ ಸ್ಥಳ ಸಿಕ್ಕಿತು. ಆ ದೇವರ ನಂಟರಿಗಾದರೋ ಸ್ಥಳ ಕಿರಿದಾಯಿತು. ಬೇಟೆ ನಿಂತಿತು, ಕಾಡು ಕಡಿದು ಮಾಡುವ ವ್ಯವಸಾಯ ನಿಂತಿತು, ಚದರಿದ್ದ ಕುಟುಂಬಗಳನ್ನು ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಮೃಗಗಳಿಗೆ ಇದರಿಂದ ರಕ್ಷಣೆ ದೊರೆಯಿತೆಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕಳ್ಳಬೇಟೆಯೂ ಮರದ ವ್ಯಾಪಾರವೂ ಪ್ರಬಲವಾಗಿದ್ದ ಕಾಲದಲ್ಲಿ ಶಾಸನವಿಲ್ಲದೆ ಆನೆ ಹುಲಿಗಳು ಉಳಿಯುವುದು ಕಷ್ಟವಾಗಿತ್ತು.

ಆದರೆ ನಿಂತುಹೋದವುಗಳಲ್ಲಿ ಇನ್ನೊಂದೂ ಇತ್ತು: ‘ತರಗುಬೆಂಕಿ’. ಬೇಸಗೆ ಬಲಿಯುವ ಮೊದಲೇ, ಹುಲ್ಲು ಪೂರ್ತಿ ಒಣಗದಿರುವಾಗ, ಸೋಲಿಗರು ಉದುರಿದ ತರಗೆಲೆಗೆ ಬೆಂಕಿಯಿಡುತ್ತಿದ್ದರು. ಅದು ನೆಲದ ಮೇಲೆ ಮೆಲ್ಲನೆ ಹರಿದು ಆರುತ್ತಿತ್ತು; ದೊಡ್ಡ ಮರಗಳಿಗೆ ಹಾನಿಯಿಲ್ಲದೆ ಹೊಸ ಹುಲ್ಲು ಚಿಗುರುತ್ತಿತ್ತು. ಕಾನೂನಿನ ದೃಷ್ಟಿಯಲ್ಲಿ ಬೆಂಕಿಯೆಲ್ಲವೂ ಅಪರಾಧವಾದುದರಿಂದ ಈ ಪದ್ಧತಿ ಅಡಗಿತು. ಇದಾದ ಮೇಲೆಯೇ ನೆಲ್ಲಿಯ ಮರಗಳಿಗೆ ಬಂದಳಿಕೆ ಹತ್ತಿತೆಂದೂ, ಅಮೆರಿಕದ ಉಷ್ಣಪ್ರದೇಶದಿಂದ ಅಲಂಕಾರಕ್ಕಾಗಿ ತಂದ ಲಂಟಾನವು ಕಾಡನ್ನು ತುಂಬಿತೆಂದೂ ಸೋಲಿಗರ ಹಿರಿಯರು ಹೇಳುತ್ತಾರೆ. ೧೯೯೭ರಲ್ಲಿಯೂ ೨೦೦೮ರಲ್ಲಿಯೂ ಸಂಶೋಧಕರು ಮಾಡಿದ ಗಣನೆಯಿಂದ ಲಂಟಾನದ ವ್ಯಾಪ್ತಿ ಸುಮಾರು ಇಮ್ಮಡಿಯಾದುದು ತಿಳಿದುಬಂದಿದೆ. ಬೆಂಕಿ ನಿಂತುದೊಂದೇ ಇದಕ್ಕೆ ಕಾರಣವೆಂಬುದನ್ನು ಎಲ್ಲ ಅರಣ್ಯಶಾಸ್ತ್ರಜ್ಞರೂ ಒಪ್ಪರು. ಹಾಗಿದ್ದರೂ ಪೊದೆ ದಟ್ಟವಾದೆಡೆ ಹುಲ್ಲಿಲ್ಲ, ಹುಲ್ಲಿಲ್ಲದೆಡೆ ಮೇಯುವ ಮೃಗಕ್ಕೆ ಮೇವಿಲ್ಲ ಎಂಬುದು ನಿರ್ವಿವಾದ. ಹಾಗಾದರೆ ತರಗುಬೆಂಕಿಯ ತಿಳಿವಳಿಕೆಯನ್ನು ಪ್ರಾಕೃತಿಕ ಮೌಲ್ಯವೆನ್ನಬೇಕೋ, ಸಾಂಸ್ಕೃತಿಕ ಮೌಲ್ಯವೆನ್ನಬೇಕೋ? ಒಂದನ್ನು ಕಳೆದರೆ ಇನ್ನೊಂದೂ ಕಳೆಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಅಪೂರ್ವ.

೨೦೧೧ನೆಯ ವರ್ಷವು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಮುಖ್ಯವಾದುದು. ಆ ವರ್ಷದ ಆದಿಯಲ್ಲಿ ಧಾಮವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ೨೦೦೬ರ ಅರಣ್ಯಹಕ್ಕುಗಳ ಶಾಸನದ ಮೇರೆಗೆ, ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಹೀಗೆ ಹಕ್ಕು ಮನ್ನಣೆಯಾದುದು ಭರತಖಂಡದಲ್ಲಿ ಅದೇ ಮೊದಲು. ಹಿರಿಯರು ತಾವೇ ನಡೆದು ತೋರಿಸಿದ ನೂರಾರು ಪವಿತ್ರಸ್ಥಾನಗಳನ್ನು ಸಂಶೋಧಕರ ನೆರವಿನಿಂದ ನಕ್ಷೆಯಲ್ಲಿ ಗುರುತಿಸಿಯೂ ಇದೆ.

ಹೀಗೆ ಹಳೆಯ ಎಲ್ಲೆಯೂ ಹೊಸ ಎಲ್ಲೆಯೂ ಕಾಗದದ ಮೇಲೆ ಕೂಡಿವೆ. ಹಕ್ಕಿನ ಪತ್ರವು ಕೈಸೇರಿದ ಮಾತ್ರಕ್ಕೆ ಮರೆತ ವಿದ್ಯೆ ಮರಳುವುದಿಲ್ಲ. ತರಗಿಗೆ ಯಾವ ದಿನ, ಯಾವ ಗಾಳಿಗೆ ಬೆಂಕಿಯಿಡಬೇಕೆಂಬುದನ್ನು ಕೈಯಾರೆ ಮಾಡಿ ಬಲ್ಲವರು ಈಗ ವೃದ್ಧರು. ಅವರಿಂದ ಕೇಳಿ ಬರೆದುಕೊಳ್ಳುವುದು, ಅವರ ಮಾತಿನ ಪದಗಳನ್ನು ನಮ್ಮ ನಿಘಂಟುಗಳಿಗೆ ಸೇರಿಸುವುದು, ಅರಣ್ಯಾಧಿಕಾರಿಗಳ ಕೆಲಸವಾಗಿರುವಷ್ಟೇ ಭಾಷಾಸಾಹಿತ್ಯಗಳ ಉಪಾಧ್ಯಾಯರ ಕೆಲಸವೂ ಆಗಿದೆ.