ಗಾಮಾ ಕಿರಣ ಸ್ಫೋಟ: ಜೆಟ್‌ನ ಆಕಾರ ಹಾಗೂ ಕುಂದುವ ಬೆಳಕು

ಗಾಮಾ ಕಿರಣ ಸ್ಫೋಟದಲ್ಲಿ ದ್ರವ್ಯವು ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ, ಕಿರಿದಾದ ಜೆಟ್ ರೂಪದಲ್ಲಿ ಚಿಮ್ಮುತ್ತದೆ. ಅದು ಸುತ್ತಲಿನ ಅನಿಲಕ್ಕೆ ಅಪ್ಪಳಿಸಿದಾಗ ಹೊಮ್ಮುವ ಬೆಳಕನ್ನು ಉತ್ತರಪ್ರಭೆ ಎನ್ನಲಾಗುತ್ತದೆ.

ಸಾಪೇಕ್ಷತೆಯ ಪರಿಣಾಮವಾಗಿ, ಆರಂಭದಲ್ಲಿ ಜೆಟ್‌ನ ಅಲ್ಪಭಾಗ ಮಾತ್ರ ಗೋಚರಿಸುತ್ತದೆ. ವೇಗ ತಗ್ಗಿದಂತೆ ಅದರ ಅಂಚೂ ಗೋಚರಕ್ಕೆ ಬಂದು, ತದನಂತರ ಬೆಳಕು ಮೊದಲಿಗಿಂತ ಶೀಘ್ರವಾಗಿ ಕುಂದುತ್ತದೆ. ಈ ತಿರುವಿನ ಕಾಲದಿಂದ ಜೆಟ್‌ನ ಅಗಲವನ್ನು ಅಂದಾಜಿಸಲಾಗುತ್ತದೆ. ಸ್ಫೋಟವು ಎಲ್ಲ ದಿಕ್ಕಿಗೂ ಸಮನಾಗಿ ಹರಡಿತೆಂದು ಭಾವಿಸಿದಲ್ಲಿ ಶಕ್ತಿಯ ಲೆಕ್ಕವು ನೂರಾರು ಪಟ್ಟು ಹೆಚ್ಚಾಗುವ ಸಂಭವವಿರುತ್ತದೆ.

ಉದಾಹರಣೆ: 17-08-2017ರಂದು ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಕಂಡುಬಂದ ಸ್ಫೋಟದ ಉತ್ತರಪ್ರಭೆಯು ಸುಮಾರು 150 ದಿನಗಳವರೆಗೆ ಏರಿ, ಬಳಿಕ ಶೀಘ್ರವಾಗಿ ಕುಂದಿತು. ಜೆಟ್ ಭೂಮಿಯತ್ತ ನೇರವಾಗಿರಲಿಲ್ಲವೆಂದೂ, ನಡುವೆ ಪ್ರಬಲವಾಗಿ ಅಂಚಿನತ್ತ ದುರ್ಬಲವಾಗಿತ್ತೆಂದೂ ಇದರಿಂದ ಹಾಗೂ ರೇಡಿಯೊ ವೀಕ್ಷಣೆಗಳಿಂದ ತಿಳಿದುಬಂದಿದೆ.